ಗ್ರಹಣವನ್ನು ನಡುಮನೆಗೆ ತರುವ ಕುಡಿಕೆ

ಅಟ್ಟದಿಂದ ರಟ್ಟಿನ ಡಬ್ಬ ಇಳಿಸುವಾಗಲೇ ತಲೆ ಮೇಲೆ ಮರಳು ಸುರಿಯಿತು. ಬಿಚ್ಚಿ ನೋಡಿದರೆ ಒಳಗಿದ್ದ ಪ್ಲಾಸ್ಟಿಕ್ ಚೆಂಡು ಬಿಸಿಲಿಗೆ ಬೆಂದು ಎರಡು ಹೋಳಾಗಿತ್ತು. ಚೆಂಡಿನ ಮೇಲೆ ಅಂಟಿಸಿದ್ದ ಕನ್ನಡಿಯ ರಸ ಅಂಚಿನಿಂದ ಎದ್ದು, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿತ್ತು. ಸೂರ್ಯನ ಚಿತ್ರವನ್ನು ಮನೆಯೊಳಗಿನ ಗೋಡೆಗೆ ಬೀಳಿಸಲು 2019ರ ಡಿಸೆಂಬರಿನಲ್ಲಿ ನಾನೇ ಮಾಡಿದ್ದ ಸಾಮಾನು ಇದು. ಮೂರು ಗ್ರಹಣ ಇದರಲ್ಲೇ ನೋಡಿದ್ದೇವೆ. 2027ರ ಆಗಸ್ಟ್ 2ರ ಸಂಜೆ ನಮ್ಮೂರಿಗೆ ಮತ್ತೊಂದು ಪಾರ್ಶ್ವ ಸೂರ್ಯಗ್ರಹಣ ಇದೆ. ಅಷ್ಟರೊಳಗೆ ಇದನ್ನು ಸರಿ ಮಾಡಬೇಕು ಅಂತ ಕೂತೆ. ಕೊನೆಗೆ ರಿಪೇರಿ ಅಲ್ಲ, ಹೊಸದೇ ಆಯಿತು.

ನಾನು ಕೋಲಾರದಲ್ಲಿ ಮೋಟರ್ ವೈಂಡಿಂಗ್ ಮಾಡುತ್ತೇನೆ. ಸುಟ್ಟುಹೋದ ಬೋರ್‌ವೆಲ್ ಮೋಟರ್ ಬಿಚ್ಚುವುದು, ಹಳೇ ಕಾಯಿಲ್ ಕಿತ್ತು ಹೊಸದು ಸುತ್ತುವುದು, ವಾರ್ನಿಷ್ ಹಾಕಿ ಒಣಗಿಸುವುದು. ಮನೆ ಅಂತರಗಂಗೆ ಬೆಟ್ಟದ ಬುಡದಲ್ಲಿ. ಉತ್ತರ ಬಾಗಿಲು. ಮುಂದೆ ಇಪ್ಪತ್ತು ಅಡಿ ಅಂಗಳ, ಆಮೇಲೆ ಕಾಂಪೌಂಡ್ ಗೋಡೆ. ಬಾಗಿಲು ದಾಟಿದರೆ ಇಪ್ಪತ್ತು ಅಡಿ ಉದ್ದದ ನಡುಮನೆ. ಈ ಅಳತೆ ಯಾಕೆ ಹೇಳುತ್ತಿದ್ದೇನೆ ಅಂದರೆ ಇಡೀ ಸಾಮಾನು ನಿಂತಿರುವುದೇ ಈ ನಲವತ್ತು ಅಡಿಯ ಮೇಲೆ.

ಮಾಡಲು ಕಾರಣ ನಮ್ಮ ಅಜ್ಜಿ. 1980ರ ಫೆಬ್ರವರಿ 16ರ ಗ್ರಹಣ ಅವರಿಗೆ ಚೆನ್ನಾಗಿ ನೆನಪಿದೆ. ರಾಯಚೂರು ಕಡೆ ಅವತ್ತು ಮಟಮಟ ಮಧ್ಯಾಹ್ನದ ಮೇಲೆ ಪೂರ್ತಿ ಕತ್ತಲಾಗಿತ್ತು. ನಮ್ಮ ಕಡೆ ಪಾರ್ಶ್ವ ಮಾತ್ರ. ಅಜ್ಜಿ ಮಕ್ಕಳನ್ನು ಒಳಗೆ ಕೂರಿಸಿಕೊಂಡು, ಕಿಟಕಿಗೆ ಕಂಬಳಿ ಕಟ್ಟಿ, ಅನ್ನದ ಪಾತ್ರೆಗೆ ದರ್ಭೆ ಹಾಕಿ ಕೂತಿದ್ದರಂತೆ. "ಹೊರಗೆ ಏನಾಯ್ತೋ ನಮಗೆ ಗೊತ್ತೇ ಆಗಲಿಲ್ಲ ಕಣಪ್ಪ" ಅಂದಿದ್ದರು ಒಮ್ಮೆ. ಅದರಲ್ಲಿ ಬೇಜಾರಿತ್ತು. 2019ರಲ್ಲಿ ಗ್ರಹಣ ಬಂದಾಗ ಕೇಳಿದೆ. "ನಾನು ಹೊರಗೆ ಬರಲ್ಲ, ನೀವು ನೋಡ್ಕೊಳಿ" ಅಂದರು. ಅವರ ನಂಬಿಕೆ ಜೊತೆ ಜಗಳಕ್ಕೆ ನಿಲ್ಲುವ ಮನಸ್ಸು ನನಗಿರಲಿಲ್ಲ. ಅವರು ಹೊರಗೆ ಬರದಿದ್ದರೆ ಗ್ರಹಣವನ್ನೇ ಒಳಗೆ ತಂದರಾಯಿತು, ಅಲ್ವಾ?

ಉಪಾಯ ಹಳೆಯದೇ. ಚಿಕ್ಕ ತೂತಿನಿಂದ ಬಿಸಿಲು ಬಿಟ್ಟರೆ ಎದುರಿಗೆ ಬೀಳುವುದು ತೂತಿನ ಆಕಾರ ಅಲ್ಲ, ಸೂರ್ಯನ ಚಿತ್ರ. ಹೊಂಗೆ ಮರದ ಕೆಳಗೆ ನೆಲದ ಮೇಲೆ ಬೀಳುವ ದುಂಡು ದುಂಡು ಬೆಳಕು ನೋಡಿರುತ್ತೀರಿ. ಎಲೆಗಳ ಸಂದು ದುಂಡಗಿರುವುದಿಲ್ಲ. ಆದರೂ ಬೆಳಕು ದುಂಡಗೆ ಬೀಳುತ್ತದೆ, ಯಾಕೆಂದರೆ ಸೂರ್ಯ ದುಂಡಗಿದ್ದಾನೆ. ತೂತಿನ ಬದಲು ಚಿಕ್ಕ ಕನ್ನಡಿ ಚೂರು ಇಟ್ಟರೂ ಅದೇ ಕೆಲಸ. ಜೊತೆಗೆ ಬೆಳಕನ್ನು ಬೇಕಾದ ಕಡೆ ತಿರುಗಿಸಬಹುದು. ಚಿತ್ರ ಎಷ್ಟು ದೊಡ್ಡದು ಬರುತ್ತದೆ ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಕನ್ನಡಿಯಿಂದ ಗೋಡೆಗೆ ಎಷ್ಟು ದೂರವೋ ಅದನ್ನು 108ರಿಂದ ಭಾಗಿಸಿ. ಜಪಮಾಲೆಯ ಮಣಿ ಲೆಕ್ಕ ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ. ಸೂರ್ಯ ತನ್ನ ಅಗಲದ ಸುಮಾರು 108 ಪಟ್ಟು ದೂರದಲ್ಲಿದ್ದಾನೆ, ಅದಕ್ಕೇ ಈ ಸಂಖ್ಯೆ. ನಲವತ್ತು ಅಡಿ ಅಂದರೆ 12 ಮೀಟರ್ ಚಿಲ್ಲರೆ. ಭಾಗಿಸಿದರೆ 11 ಸೆಂಟಿಮೀಟರ್. ದೋಸೆಕಲ್ಲಿನ ಮೇಲೆ ಮಕ್ಕಳಿಗೆ ಹುಯ್ಯುವ ಪುಟ್ಟ ದೋಸೆಯಷ್ಟು ಸೂರ್ಯ.

ಆಗ ಮಾಡಿದ ಸಾಮಾನು ಸರಳ. ಮಗುವಿನ ಚೆಂಡಿಗೆ ತೂತು ಕೊರೆದು ಮರಳು ತುಂಬಿ, ಮೇಲೆ ಕನ್ನಡಿ ಅಂಟಿಸಿ, ಸಿಂಬೆ ಮೇಲೆ ಕೂರಿಸಿದ್ದೆ. ಬಿಂದಿಗೆ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬೆಯೇ. ಚೆಂಡನ್ನು ಯಾವ ಕಡೆಗೆ ಹೊರಳಿಸಿದರೂ ಅಲ್ಲೇ ನಿಲ್ಲುತ್ತದೆ. ಕನ್ನಡಿಗೆ ಬೇಕಾಗಿದ್ದು ಅಷ್ಟೇ.

ಡಿಸೆಂಬರ್ 26, ಗುರುವಾರ. ಬೆಳಗ್ಗೆ 8 ಗಂಟೆ ಆಗಿ ಐದಾರು ನಿಮಿಷಕ್ಕೆ ಶುರು. ಆ ತಿಂಗಳು ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ನಮ್ಮದು ಉತ್ತರ ಬಾಗಿಲು. ಹಾಗಾಗಿ ಮನೆಯ ನೆರಳು ಅಂಗಳದ ತುಂಬಾ ಚಾಚಿತ್ತು. ಕಾಂಪೌಂಡ್ ಗೋಡೆ ಮೇಲೆ ಮಾತ್ರ ಬಿಸಿಲು. ಚೆಂಡನ್ನು ಅಲ್ಲೇ ಕೂರಿಸಿ, ಬೆಳಕನ್ನು ಬಾಗಿಲೊಳಗೆ ಹಾಯಿಸಿ, ನಡುಮನೆಯ ಹಿಂದಿನ ಗೋಡೆಗೆ ಬಿಟ್ಟೆ. ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿದ್ದೆವು. ಅಜ್ಜಿ ಗೋಡೆ ಬದಿಗೆ ಕುರ್ಚಿ ಹಾಕಿಕೊಂಡು ಕೂತರು.

ಮೊದಲು ಅಂಚಿನಲ್ಲಿ ಸಣ್ಣ ಚಿವುಟು. ಆಮೇಲೆ ಇಲಿ ಕಚ್ಚಿದ ಹಾಗೆ. ಒಂಬತ್ತೂವರೆ ಹೊತ್ತಿಗೆ ಗೋಡೆ ಮೇಲೆ ಉಳಿದಿದ್ದು ಒಂದು ಕುಡುಗೋಲು. ಹತ್ತರಲ್ಲಿ ಎಂಟು ಪಾಲಿಗಿಂತ ಜಾಸ್ತಿ ಮುಚ್ಚಿತ್ತು. ಅಜ್ಜಿ ಎದ್ದು ಗೋಡೆ ಹತ್ತಿರ ಹೋದರು. ಬೆಳಕನ್ನು ಕೈಯಲ್ಲಿ ಹಿಡಿದರು. ಅಂಗೈ ಮೇಲೆ ಕುಡುಗೋಲು ಸೂರ್ಯ. ತುಂಬಾ ಹೊತ್ತು ಸುಮ್ನೆ ನೋಡುತ್ತಾ ನಿಂತರು. ಆಮೇಲೆ, "ಇಷ್ಟೇನಾ? ಇದಕ್ಕೆ ಕಂಬಳಿ ಕಟ್ಟಿದ್ವಾ?" ಅಂದರು. ದರ್ಭೆ ಮಾತ್ರ ಪಾತ್ರೆ ಮೇಲೆ ಹಾಗೇ ಇತ್ತು. ಅದು ಅವರಿಷ್ಟ.

ಹೊರಗಿನ ಬಿಸಿಲಿನ ಬಣ್ಣವೂ ಬೇರೆ ಆಗಿತ್ತು ಅವತ್ತು. ಮೋಡದ ಮಬ್ಬು ಅಲ್ಲ, ಸಂಜೆಯ ಕೆಂಪೂ ಅಲ್ಲ. ಬಿಸಿಲು ಇದೆ, ಆದರೆ ಚುರುಕಿಲ್ಲ. ಪಕ್ಕದ ಮನೆಯವರು ರೇಷ್ಮೆ ಹುಳು ಸಾಕುತ್ತಾರೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಒಣಗಲು ಗೋಡೆಗೆ ಒರಗಿಸಿದ್ದರು. ಬಿದಿರು ಹೆಣಿಗೆಯ ಒಂದೊಂದು ಸಂದಿನಿಂದಲೂ ಒಂದೊಂದು ಪುಟ್ಟ ಕುಡುಗೋಲು ನೆಲಕ್ಕೆ ಬಿದ್ದಿತ್ತು. ನೂರಾರು. ಎಲ್ಲವೂ ಒಂದೇ ಕಡೆ ಮುಖ. ನಾನು ಮಾಡಿದ ಸಾಮಾನಿಗಿಂತ ಆ ಚಂದ್ರಿಕೆಯೇ ಚೆನ್ನಾಗಿ ತೋರಿಸಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅವತ್ತು ಕೊಡಗಿನ ಕುಟ್ಟದಲ್ಲಿ, ಕೊಯಮತ್ತೂರಿನಲ್ಲಿ ಕಂಕಣ ಗ್ರಹಣ. ನಮಗೆ ಕುಡುಗೋಲು. ಸೂರ್ಯ ಒಬ್ಬನೇ, ಚಂದ್ರ ಒಬ್ಬನೇ. ಅಲ್ಲಿ ಬಳೆ, ಇಲ್ಲಿ ಕುಡುಗೋಲು ಯಾಕೆ? ಇದನ್ನು ಅಕ್ಕನ ಮಗಳು ಕೇಳಿದಾಗ ಬಾಯಿ ಮಾತಲ್ಲಿ ಹೇಳಲು ಆಗಲಿಲ್ಲ. ಅದಕ್ಕೆ ಒಂದು ಮಾದರಿ ಮಾಡಬೇಕಾಯಿತು. ಈಗ ಹೊಸ ಸಾಮಾನಿನ ಜೊತೆ ಅದನ್ನೂ ಮತ್ತೆ ಮಾಡಿದೆ. ಇದು ಎಲ್ಲರೂ ಮನೆಯಲ್ಲಿ ಮಾಡಬಹುದಾದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಂದ್ರನಿಗೆ ಒಂದು ರಾಗಿ ಕಾಳು ತಗೊಂಡೆ. ಕಾಳುಗಳ ರಾಶಿಯಲ್ಲಿ ವರ್ನಿಯರ್ ಹಿಡಿದು ಸರಿಯಾಗಿ ಒಂದೂವರೆ ಮಿಲಿಮೀಟರ್ ಇರುವುದನ್ನು ಆರಿಸಿದೆ. ಚಂದ್ರನ ಅಗಲ 3,474 ಕಿಲೋಮೀಟರ್. ಹಾಗಾದರೆ ನಮ್ಮ ಮಾದರಿಯಲ್ಲಿ ಒಂದು ಮಿಲಿಮೀಟರ್ ಅಂದರೆ ಸುಮಾರು 2,300 ಕಿಲೋಮೀಟರ್. ಈ ಲೆಕ್ಕದಲ್ಲಿ ಭೂಮಿ ಐದೂವರೆ ಮಿಲಿಮೀಟರ್, ಒಂದು ತೊಗರಿ ಕಾಳು. ಎರಡರ ನಡುವೆ ಹದಿನಾರೂವರೆ ಸೆಂಟಿಮೀಟರ್. ಸೂರ್ಯ ಅರವತ್ತು ಸೆಂಟಿಮೀಟರ್, ಹೆಚ್ಚುಕಮ್ಮಿ ಬೈಕಿನ ಚಕ್ರ. ಅದು ಇರಬೇಕಾದ್ದು 65 ಮೀಟರ್ ದೂರದಲ್ಲಿ. ನಮ್ಮ ರಸ್ತೆಯ ಕೊನೆಯ ಮನೆ ಹತ್ತಿರ ಚಕ್ರಕ್ಕೆ ಹಳದಿ ಬಟ್ಟೆ ಬಿಗಿದು ನಿಲ್ಲಿಸಿದೆ. ರಾಗಿ ಕಾಳನ್ನು ತೆಳ್ಳಗಿನ ವೈಂಡಿಂಗ್ ತಂತಿಯ ತುದಿಗೆ ಅಂಟಿಸಿದೆ.

ಸೂರ್ಯ ಚಂದ್ರನಿಗಿಂತ 400 ಪಟ್ಟು ಅಗಲ. ಸುಮಾರು ಅಷ್ಟೇ ಪಟ್ಟು ದೂರ. ಅದಕ್ಕೇ ಎರಡೂ ನಮ್ಮ ಕಣ್ಣಿಗೆ ಒಂದೇ ಅಳತೆ. ಹಾಗಾಗಿ ತೊಗರಿ ಕಾಳಿನ ಜಾಗದಲ್ಲಿ ಕಣ್ಣಿಟ್ಟು ನೋಡಿದರೆ ರಾಗಿ ಕಾಳು ಆ ಚಕ್ರವನ್ನು ಸರಿಯಾಗಿ ಮುಚ್ಚಬೇಕು. ಮುಚ್ಚಲಿಲ್ಲ. ಚಕ್ರ ಬರೀ ಮಬ್ಬಾಯಿತು. ಅಳತೆ ತಪ್ಪಿತಾ ಅಂತ ಟೇಪ್ ಹಿಡಿದು ಎರಡು ಸಲ ಅಳೆದೆ. ಸರಿಯಾಗಿಯೇ ಇತ್ತು. ರಾತ್ರಿ ಮಲಗಿದಾಗ ಹೊಳೆಯಿತು. ನಮ್ಮ ಕಣ್ಣಿನ ಪಾಪೆಯೇ ಎರಡು ಮೂರು ಮಿಲಿಮೀಟರ್ ಅಗಲ ಇರುತ್ತದೆ. ರಾಗಿ ಕಾಳಿಗಿಂತ ಅಗಲ. ಪಾಪೆಯ ಎಡ ಅಂಚಿಗೆ ಚಕ್ರದ ಒಂದು ಬದಿ ಕಾಣುತ್ತದೆ, ಬಲ ಅಂಚಿಗೆ ಇನ್ನೊಂದು ಬದಿ. ಈ ಮಾದರಿಯಲ್ಲಿ ನನ್ನ ಒಂದು ಕಣ್ಣಿನ ಪಾಪೆ ಅಂದರೆ ಐದಾರು ಸಾವಿರ ಕಿಲೋಮೀಟರ್ ಅಗಲದ ನಾಡು. ಒಂದೇ ಊರಲ್ಲಿ ನಿಂತು ನೋಡುವ ಬದಲು ನಾಲ್ಕು ದೇಶದಲ್ಲಿ ಒಟ್ಟಿಗೆ ನಿಂತು ನೋಡಿದ ಹಾಗೆ.

ಮರುದಿನ ರಟ್ಟಿಗೆ ಸಣ್ಣ ಸೂಜಿ ಚುಚ್ಚಿ ಅರ್ಧ ಮಿಲಿಮೀಟರ್ ತೂತು ಮಾಡಿ, ಅದರ ಮೂಲಕ ನೋಡಿದೆ. ಆಗ ಸಿಕ್ಕಿತು. ರಾಗಿ ಕಾಳು ಚಕ್ರವನ್ನು ಪೂರ್ತಿ ನುಂಗಿತು. ರಟ್ಟನ್ನು ಕೂದಲಷ್ಟು ಸರಿಸಿದೆ. ಒಂದು ಬದಿಯಲ್ಲಿ ಹಳದಿ ಗೀರು ಕಂಡಿತು. ಇನ್ನೂ ಸರಿಸಿದೆ. ಕುಡುಗೋಲು, ಆಮೇಲೆ ಅರ್ಧ ಚಕ್ರ. ಸರಿಯಾಗಿ ಒಂದೂವರೆ ಮಿಲಿಮೀಟರ್ ಸರಿಸುವ ಹೊತ್ತಿಗೆ ಚಕ್ರ ಪೂರ್ತಿ ಬಿಡುಗಡೆ.

ಪಾರ್ಶ್ವ ಗ್ರಹಣ ಅಂದರೆ ಇದೇ. ಚಂದ್ರನ ನೆರಳಿಗೆ ಎರಡು ಭಾಗ. ನಡುವೆ ದಟ್ಟ ನೆರಳು, ಅದು ಸೂಜಿಯ ಹಾಗೆ ಚೂಪಾಗುತ್ತಾ ಹೋಗಿ ಭೂಮಿ ಮುಟ್ಟುವ ಹೊತ್ತಿಗೆ ಚುಕ್ಕೆಯಾಗುತ್ತದೆ. ಅದರ ಸುತ್ತ ಅರೆನೆರಳು, ಅದು ಅಗಲವಾಗುತ್ತಾ ಹೋಗುತ್ತದೆ. ಭೂಮಿ ಹತ್ತಿರ ಅದರ ಅಗಲ ಏಳು ಸಾವಿರ ಕಿಲೋಮೀಟರ್ ಆಸುಪಾಸು. ತೊಗರಿ ಕಾಳಿನ ಮೇಲೆ ಮೂರು ಮಿಲಿಮೀಟರ್. ದಟ್ಟ ಚುಕ್ಕೆ ಮೇಲೆ ಹಾದ ಊರಿಗೆ ಪೂರ್ಣ ಗ್ರಹಣ. ಅರೆನೆರಳಲ್ಲಿ ನಿಂತ ಊರಿಗೆ ಪಾರ್ಶ್ವ. ನಡುವಿಗೆ ಹತ್ತಿರ ಇದ್ದಷ್ಟೂ ಕಚ್ಚು ದೊಡ್ಡದು. ಪಂಚಾಂಗದಲ್ಲಿ ಖಗ್ರಾಸ, ಖಂಡಗ್ರಾಸ ಅಂತ ಬರೆಯುವುದು ಇದನ್ನೇ. ಇನ್ನು ಚಂದ್ರ ಸ್ವಲ್ಪ ದೂರ ಇದ್ದಾಗ ದಟ್ಟ ನೆರಳಿನ ತುದಿ ಭೂಮಿಗೆ ತಲುಪುವ ಮೊದಲೇ ಮುಗಿದುಹೋಗುತ್ತದೆ. ಆಗ ನಡುವಿನ ಊರಿಗೆ ಕಂಕಣ. 2019ರಲ್ಲಿ ಆಗಿದ್ದು ಹಾಗೆ. ಕೊಯಮತ್ತೂರು ನಮಗೆ ನೆಟ್ಟಗೆ ಸುಮಾರು 270 ಕಿಲೋಮೀಟರ್. ಮಾದರಿಯಲ್ಲಿ ಒಂದು ಕೂದಲೆಳೆಯ ದಪ್ಪ. ಬಳೆಗೂ ಕುಡುಗೋಲಿಗೂ ಅಷ್ಟೇ ಅಂತರ.

ಅಕ್ಕನ ಮಗಳ ಮುಂದಿನ ಪ್ರಶ್ನೆ, "ಹಾಗಾದ್ರೆ ಪ್ರತಿ ಅಮಾವಾಸ್ಯೆಗೂ ಆಗ್ಬೇಕಲ್ವಾ ಮಾಮ?" ಒಳ್ಳೆ ಪ್ರಶ್ನೆ. ಚಂದ್ರ ತಿರುಗುವ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆ. ಐದೇ ಡಿಗ್ರಿ ತಾನೇ ಅನ್ನಿಸುತ್ತದೆ. ತಂತಿ ಬಗ್ಗಿಸಿ ತೋರಿಸಿದೆ. ಹದಿನಾರೂವರೆ ಸೆಂಟಿಮೀಟರ್ ದೂರದಲ್ಲಿ ಐದು ಡಿಗ್ರಿ ಅಂದರೆ ರಾಗಿ ಕಾಳು ತೊಗರಿ ಕಾಳಿನ ಮಟ್ಟದಿಂದ ಒಂದೂವರೆ ಸೆಂಟಿಮೀಟರ್ ಮೇಲೆ ಅಥವಾ ಕೆಳಗೆ ಹೋಗುತ್ತದೆ. ತೊಗರಿ ಕಾಳನ್ನು ಒಂದರ ಮೇಲೊಂದು ಮೂರು ಪೇರಿಸಿದಷ್ಟು ಎತ್ತರ. ಹಾಗಾಗಿ ಹೆಚ್ಚಿನ ಅಮಾವಾಸ್ಯೆಗಳಲ್ಲಿ ನೆರಳು ಭೂಮಿಯ ನೆತ್ತಿ ಮೇಲಿಂದಲೋ ಪಾದದ ಕೆಳಗಿಂದಲೋ ಹಾದುಹೋಗುತ್ತದೆ. ಎರಡು ದಾರಿ ಕೂಡುವ ಜಾಗದ ಹತ್ತಿರ ಅಮಾವಾಸ್ಯೆ ಬಂದರೆ ಮಾತ್ರ ಗ್ರಹಣ. ಆ ಎರಡು ಜಾಗಗಳಿಗೆ ನಮ್ಮ ಜ್ಯೋತಿಷದ ಲೆಕ್ಕದಲ್ಲಿ ರಾಹು, ಕೇತು ಅಂತಲೇ ಹೆಸರು. ಇದನ್ನು ಅಜ್ಜಿಗೆ ಹೇಳಿದಾಗ ಅವರು ತಂತಿಯನ್ನು ಕೈಗೆ ತಗೊಂಡು, "ಇಲ್ಲೊಂದು, ಅಲ್ಲೊಂದು" ಅಂತ ಬೆರಳಿಟ್ಟು ತೋರಿಸಿದರು. ರಾಹು ಇರುವ ಜಾಗ ಗೊತ್ತಾಯಿತು ಅಂತ ಅವರಿಗೆ ಸಮಾಧಾನ.

ವರ್ಷಕ್ಕೆ ಕಡಿಮೆ ಅಂದರೆ ಎರಡು, ಜಾಸ್ತಿ ಅಂದರೆ ಐದು ಸೂರ್ಯಗ್ರಹಣ ಆಗುತ್ತವೆ. ನಮ್ಮೂರಿಗೆ ಕಾಣುವುದು ಅಪರೂಪ.

2020ರ ಜೂನ್ 21, ಭಾನುವಾರ. ಸೂರ್ಯ ಹೆಚ್ಚುಕಮ್ಮಿ ನೆತ್ತಿ ಮೇಲೆ. ಮೋಡ ಬಂದು ಬಂದು ಹೋಗುತ್ತಿತ್ತು. ಮೂರನೇ ಒಂದು ಭಾಗದಷ್ಟು ಮುಚ್ಚಿದ್ದನ್ನು ತುಂಡು ತುಂಡಾಗಿ ನೋಡಿದೆವು.

2022ರ ಅಕ್ಟೋಬರ್ 25ರದ್ದು ಬೇರೆ ಕಥೆ. ದೀಪಾವಳಿ ನಡುವೆ ಬಂದಿದ್ದು. ಅವತ್ತು ಪ್ರಪಂಚದಲ್ಲಿ ಎಲ್ಲೂ ಪೂರ್ಣ ಗ್ರಹಣ ಇರಲಿಲ್ಲ. ದಟ್ಟ ನೆರಳು ಭೂಮಿಯ ಉತ್ತರ ನೆತ್ತಿಯ ಮೇಲಿಂದ ಹಾಗೇ ಬಾನಿಗೆ ಹೋಯಿತು. ಅರೆನೆರಳಿನ ಅಂಚು ಮಾತ್ರ ತಾಗಿತು. ಎಲ್ಲರಿಗಿಂತ ಜಾಸ್ತಿ ಕಂಡಿದ್ದು ರಷ್ಯಾದವರಿಗೆ, ಅವರಿಗೂ ಪಾರ್ಶ್ವವೇ. ನಮಗೆ ಸಂಜೆ ಐದು ಕಾಲಿನ ಹೊತ್ತಿಗೆ ಶುರುವಾಗಿ, ಗ್ರಹಣ ಹಿಡಿದ ಹಾಗೆಯೇ ಸೂರ್ಯ ಮುಳುಗಬೇಕಿತ್ತು. ನಾನು ಎಲ್ಲ ಅಣಿ ಮಾಡಿಕೊಂಡಿದ್ದೆ. ಬೆಟ್ಟದ ಲೆಕ್ಕ ಹಾಕಿರಲಿಲ್ಲ. ಪಂಚಾಂಗದ ಸೂರ್ಯಾಸ್ತ ಬಯಲು ಸೀಮೆಗೆ. ಅಂತರಗಂಗೆ ಬೆಟ್ಟದ ಬುಡದಲ್ಲಿ ಇರುವವರಿಗೆ ಸೂರ್ಯ ಇಪ್ಪತ್ತು ಇಪ್ಪತ್ತೈದು ನಿಮಿಷ ಮುಂಚೆಯೇ ಮನೆಗೆ ಹೋಗುತ್ತಾನೆ. ಗೋಡೆ ಮೇಲೆ ಚಿವುಟು ಕಂಡು, ಸ್ವಲ್ಪ ದೊಡ್ಡದಾಗಿ, ಅಷ್ಟರಲ್ಲಿ ಚಿತ್ರ ಕರಗಿಹೋಯಿತು. ಬಂಡೆಯ ಸಾಲು ಗೋಡೆ ಮೇಲೆ ನೆರಳಾಗಿ ಕಂಡಿದ್ದು ಅವತ್ತಿನ ಲಾಭ.

ಈಗ ಹೊಸ ಸಾಮಾನಿಗೆ ಬರುತ್ತೇನೆ.

ಚೆಂಡು ಬೇಡ ಅಂತ ಮೊದಲೇ ತೀರ್ಮಾನಿಸಿದೆ. ಪ್ಲಾಸ್ಟಿಕ್ ನಾಲ್ಕು ವರ್ಷಕ್ಕೆ ಸೀಳುತ್ತದೆ. ಸಿಂಬೆ ಮೇಲೆ ಏನು ಕೂರುತ್ತದೆ ಅಂತ ಯೋಚಿಸಿದರೆ ಉತ್ತರ ಎದುರಿಗೇ ಇತ್ತು. ಮಡಕೆ. ಸಂತೆಯಲ್ಲಿ ತಳ ದುಂಡಗಿರುವ ಪುಟ್ಟ ಕುಡಿಕೆ ತಂದೆ. ಆರಿಸುವಾಗ ಬೋರಲು ಹಾಕಿ, ಉರುಳಿಸಿ, ಎಲ್ಲ ಕಡೆ ದುಂಡಗಿದೆಯಾ ಅಂತ ನೋಡಿಕೊಳ್ಳಿ. ಕತ್ತು ಉದ್ದ ಇರುವುದು ಬೇಡ.

ಕುಡಿಕೆಯ ಬಾಯಿ ಮಟ್ಟ ಇರುವುದಿಲ್ಲ. ಕನ್ನಡಿ ಇಟ್ಟರೆ ಟಕ್ ಟಕ್ ಅಂತ ಅಲ್ಲಾಡುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಚಿಮುಕಿಸಿ, ಕುಡಿಕೆ ಬೋರಲು ಹಾಕಿ, ಗಂಧ ತೇಯ್ದ ಹಾಗೆ ಹದಿನೈದು ನಿಮಿಷ ತೇಯ್ದೆ. ಕೆಂಪು ನೀರು ಇಳಿದು ಬಾಯಿ ಮಟ್ಟವಾಯಿತು. ಬೆರಳು ಸವರಿದರೆ ಎಲ್ಲೂ ಉಬ್ಬು ಸಿಗಬಾರದು.

ಕನ್ನಡಿ ವಿಷಯದಲ್ಲಿ ಉಳಿತಾಯ ಮಾಡಬೇಡಿ. 2019ರಲ್ಲಿ ಮೊದಲು ಪ್ಲಾಸ್ಟಿಕ್ ಚೌಕಟ್ಟಿನ ಅಗ್ಗದ ಕನ್ನಡಿ ಬಿಚ್ಚಿ ಹಾಕಿದ್ದೆ. ಮುಖ ನೋಡಲು ಸಾಕು. ಆದರೆ ತೆಳು ಗಾಜು ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ನಲವತ್ತು ಅಡಿ ದೂರಕ್ಕೆ ಹೋದಾಗ ಆ ಬಾಗು ದೊಡ್ಡದಾಗಿ, ಸೂರ್ಯ ಕೋಳಿಮೊಟ್ಟೆ ಆಗಿದ್ದ. ಗಾಜಿನ ಅಂಗಡಿಯಲ್ಲಿ ಐದು ಮಿಲಿಮೀಟರ್ ದಪ್ಪದ ಕನ್ನಡಿ ಕತ್ತರಿಸಿ ಉಳಿದ ಚೂರು ಕೇಳಿ. ಎರಡು ಇಂಚು ಚೌಕ ಇದ್ದರೆ ಧಾರಾಳ. ಈ ಸಲ ಹಿಂಬದಿಗೆ, ಅಂಚಿಗೆ ಎಲ್ಲ ವೈಂಡಿಂಗ್ ವಾರ್ನಿಷ್ ಎರಡು ಕೋಟ್ ಬಳಿದೆ. ರಸ ಏಳಲು ತೇವ ಒಳಗೆ ಹೋಗಬೇಕಲ್ಲ, ಆ ದಾರಿ ಮುಚ್ಚಿದೆ.

ಕನ್ನಡಿ ಮೇಲೆ ಮುಚ್ಚುಪಟ್ಟಿ ಬೇಕು. ಪೂರ್ತಿ ಎರಡು ಇಂಚು ಬಿಟ್ಟರೆ ಚಿತ್ರ ಕಲಸಿಹೋಗುತ್ತದೆ. ಮೋಟರ್ ಸ್ಲಾಟ್‌ಗೆ ಹಾಕುವ ಲೆದರಾಯ್ಡ್ ಪೇಪರ್ ಗಟ್ಟಿ, ಬಿಸಿಲಿಗೆ ಸುರುಳಿಯಾಗುವುದಿಲ್ಲ. ಉದ್ದ ಪಟ್ಟಿ ಕತ್ತರಿಸಿ ಕಪ್ಪು ಬಣ್ಣ ಬಳಿದು ಮೂರು ತೂತು ಮಾಡಿದೆ. ಒಂದು 6 ಮಿಲಿಮೀಟರ್ ದುಂಡು, ಇನ್ನೊಂದು 10 ಮಿಲಿಮೀಟರ್ ದುಂಡು, ಮೂರನೆಯದು ಚೌಕ. ಪಟ್ಟಿ ಸರಿಸಿದರೆ ಬೇಕಾದ ತೂತು ಕನ್ನಡಿ ಮೇಲೆ ಬರುತ್ತದೆ. 6ರದ್ದು ಅಂಚು ಚೂಪಾಗಿ ತೋರಿಸುತ್ತದೆ, ಬೆಳಕು ಕಡಿಮೆ. 10ರದ್ದು ಮೂರು ಪಟ್ಟು ಹತ್ತಿರ ಬೆಳಕು ಕೊಡುತ್ತದೆ, ಅಂಚು ಮಬ್ಬು. ತೆಳು ಮೋಡ ಇದ್ದರೆ 10. ಚೌಕದ ತೂತು ಮಕ್ಕಳಿಗೆ. ಚೌಕದಿಂದಲೂ ದುಂಡು ಸೂರ್ಯ ಬಂದಾಗ ಅವರ ಮುಖ ನೋಡಬೇಕು! ಲೆದರಾಯ್ಡ್ ಸಿಗದಿದ್ದರೆ ಕಪ್ಪು ರಟ್ಟು ಸಾಕು. ಆಫೀಸಿನ ಪಂಚಿಂಗ್ ಮೆಷಿನ್ ಹಾಕುವ ತೂತು ಹೆಚ್ಚುಕಮ್ಮಿ 6 ಮಿಲಿಮೀಟರೇ.

ಈ ಕೆಲಸದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಮರಳು. ಜರಡಿ ಹಿಡಿದ ಮರಳನ್ನು ಕುಡಿಕೆಗೆ ಮುಕ್ಕಾಲು ತುಂಬಿ, ಕನ್ನಡಿ ಅಂಟಿಸಿ, ಸಿಂಬೆ ಮೇಲೆ ಓರೆಯಾಗಿ ಮಲಗಿಸಿ ಬಿಸಿಲಿಗಿಟ್ಟೆ. ಗೋಡೆ ಮೇಲೆ ಚಂದದ ಸೂರ್ಯ ಬಂದ. ನೋಡುತ್ತಿದ್ದ ಹಾಗೇ ಓಡತೊಡಗಿದ. ಸೂರ್ಯ ಸರಿಯುವುದು ಗೊತ್ತು. ಭೂಮಿ ತಿರುಗುವುದರಿಂದ ಚಿತ್ರ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಜರುಗುತ್ತದೆ. ಇದು ಹಾಗಲ್ಲ. ಹತ್ತು ಸೆಕೆಂಡಿಗೇ ಗೋಡೆ ಬಿಟ್ಟು ಸೂರಿಗೆ ಹತ್ತಿತು. ಕಿವಿ ಹತ್ತಿರ ಇಟ್ಟು ಕುಡಿಕೆ ಅಲ್ಲಾಡಿಸಿದೆ. ಸರ್ ಸರ್ ಸದ್ದು. ಓರೆ ಮಾಡಿದಾಗ ಮರಳು ನಿಧಾನಕ್ಕೆ ಕೆಳಕ್ಕೆ ಜಾರುತ್ತದೆ, ತೂಕ ಬದಲಾಗುತ್ತದೆ, ಕುಡಿಕೆ ಹೊರಳುತ್ತದೆ. ತಲೆಯಾಡಿಸುವ ಗೊಂಬೆಯ ಹಾಗೆ ಎದ್ದು ಕೂರಲು ನೋಡುತ್ತದೆ.

ಕನ್ನಡಿ ಬಿಡಿಸಿದೆ. ಮರಳಿಗೆ ಒಂದು ಹಿಡಿ ಸಿಮೆಂಟ್ ಕಲಸಿ, ಸ್ವಲ್ಪವೇ ನೀರು ಚಿಮುಕಿಸಿ, ಬಾಯಿ ತನಕ ಒತ್ತಿ ಒತ್ತಿ ತುಂಬಿದೆ. ತುಂಬುವಾಗ ಕುಡಿಕೆಯ ಹೊಟ್ಟೆಗೆ ಕಡ್ಡಿಯಿಂದ ತಟ್ಟುತ್ತಿರಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ಎರಡು ದಿನ ಒಣಗಿಸಿ, ಎಂ-ಸೀಲ್ ಹಾಕಿ ಕನ್ನಡಿ ಕೂರಿಸಿದೆ. ಈಗ ಕುಡಿಕೆ ಒಂದೇ ಗಟ್ಟಿ ಗುಂಡು. ಎಲ್ಲಿ ಬಿಟ್ಟರೆ ಅಲ್ಲೇ.

ಆದರೂ ಸಣ್ಣ ಜಾರು ಉಳಿದಿತ್ತು. ಅದನ್ನು ಕಂಡುಹಿಡಿದವರು ಅಜ್ಜಿ. ನಾನು ಸಿಂಬೆ ಮಾಡಿದ್ದು ಪಾಲಿಯೆಸ್ಟರ್ ಸೀರೆ ತುಂಡಿನಲ್ಲಿ. "ಇದರ ಮೇಲೆ ಯಾರಾದ್ರೂ ಬಿಂದಿಗೆ ಇಡ್ತಾರಾ? ಜಾರಿ ಬೀಳಲ್ವಾ?" ಅಂತ ಬಿಚ್ಚಿ ಎಸೆದು, ತಮ್ಮ ಹಳೇ ನೂಲಿನ ಸೀರೆ ಹರಿದು, ನೀರಲ್ಲಿ ಅದ್ದಿ ಹಿಂಡಿ, ಬಿಗಿಯಾಗಿ ಸುತ್ತಿಕೊಟ್ಟರು. ಒದ್ದೆ ನೂಲು ಮಣ್ಣನ್ನು ಕಚ್ಚಿ ಹಿಡಿಯಿತು. ಬೆರಳಲ್ಲಿ ಸ್ವಲ್ಪ ತಳ್ಳಿದರೆ ಸ್ವಲ್ಪವೇ ಹೊರಳುತ್ತದೆ. ನನ್ನ ಅಂಗಡಿಯಲ್ಲಿ ಇರುವ ಯಾವ ಬೇರಿಂಗೂ ಈ ಕೆಲಸ ಇಷ್ಟು ಚೆನ್ನಾಗಿ ಮಾಡುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗೋಡೆ ನೋಡಿ, ಕನ್ನಡಿ ನೋಡಬೇಡಿ. ಕೋಣೆಯೊಳಗಿಂದ ತಿರುಗಿ ಕನ್ನಡಿ ಕಡೆ ನೋಡಿದರೆ ಸೂರ್ಯನನ್ನೇ ನೋಡಿದ ಹಾಗೆ. ಕಣ್ಣಿನ ಒಳಪದರ ಸುಟ್ಟರೆ ನೋವಾಗುವುದಿಲ್ಲ, ಸುಟ್ಟಿದ್ದು ಗೊತ್ತಾಗುವುದು ಆಮೇಲೆ. ಅದಕ್ಕೇ ಬೆಳಕು ಹಾಯುವ ದಾರಿಗೆ ಎರಡು ಬೆಂಚು ಅಡ್ಡ ಇಟ್ಟು, ಮಕ್ಕಳು ಗೋಡೆಗೆ ಮುಖ ಮಾಡಿ ಪಕ್ಕದಲ್ಲೇ ಕೂರುವ ಹಾಗೆ ಮಾಡುತ್ತೇನೆ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸ್, ತಟ್ಟೆಯ ಸಗಣಿ ನೀರಿನಲ್ಲಿ ಕಾಣುವ ಬಿಂಬ, ಇವು ಯಾವುವೂ ಬೇಡ. ನೇರ ನೋಡಲೇಬೇಕು ಅಂದರೆ ಗ್ರಹಣದ ಕನ್ನಡಕ, ಅಥವಾ 14ನೇ ನಂಬರಿನ ವೆಲ್ಡಿಂಗ್ ಗಾಜು. ವೆಲ್ಡಿಂಗ್ ಅಂಗಡಿಯಲ್ಲಿ ಸಾಮಾನ್ಯವಾಗಿ ಇರುವುದು ಅದಕ್ಕಿಂತ ತಿಳಿಯಾದ ಗಾಜು, ನಂಬರ್ ನೋಡದೆ ತರಬೇಡಿ. ಪಾರ್ಶ್ವ ಗ್ರಹಣದಲ್ಲಿ ಬರಿಗಣ್ಣಿಗೆ ಸುರಕ್ಷಿತ ಅನ್ನುವ ಒಂದು ಕ್ಷಣವೂ ಇಲ್ಲ. ಗೀರಿನಷ್ಟು ಸೂರ್ಯ ಉಳಿದಿದ್ದರೂ ಆ ಗೀರು ಸುಡುತ್ತದೆ.

2027ರದ್ದು ಈಜಿಪ್ಟಿನ ಲಕ್ಸರ್ ಹತ್ತಿರ ಪೂರ್ಣ ಗ್ರಹಣ. ಅಲ್ಲಿ ಆರು ನಿಮಿಷಕ್ಕೂ ಮೇಲೆ ಕತ್ತಲು. ನಾವು ಆ ನೆರಳಿನ ಹೊರಗಿನ ಅರೆನೆರಳಲ್ಲಿ ಇರುತ್ತೇವೆ. ಆಗಸ್ಟ್ ಅಂದರೆ ಮೋಡದ ಕಾಲ, ಅದಕ್ಕೆ ಮಾಡುವುದು ಏನೂ ಇಲ್ಲ. ಬೆಟ್ಟಕ್ಕೆ ಮಾತ್ರ ಉಪಾಯ ಇದೆ. ಆಗಸ್ಟ್ ಮೊದಲ ವಾರ ಸಂಜೆ ಐದರಿಂದ ಐದೈದು ನಿಮಿಷಕ್ಕೊಮ್ಮೆ ಕಾಂಪೌಂಡ್ ಗೋಡೆ ಮೇಲೆ ಬಿಸಿಲು ಎಲ್ಲಿವರೆಗೆ ಇರುತ್ತದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಪೂರ್ವದ ಮೂಲೆಗೆ ಕೊನೆಯವರೆಗೂ ಬಿಸಿಲು ಸಿಗುತ್ತದೆ. ಕುಡಿಕೆಗೆ ಅದೇ ಜಾಗ. ಅಲ್ಲಿ ಒಂದು ಚಪ್ಪಡಿ ಕಲ್ಲು ಗಾರೆ ಹಾಕಿ ಕೂರಿಸಿದ್ದೇನೆ.

ಮೊನ್ನೆ ಭಾನುವಾರ ಗ್ರಹಣ ಇಲ್ಲದ ಸುಮ್ನೆ ಸೂರ್ಯನನ್ನು ಬಿಟ್ಟು ನೋಡಿದೆವು. ಟೇಪ್ ಹಿಡಿದು ಅಳೆದರೆ ಗೋಡೆ ಮೇಲೆ 11 ಸೆಂಟಿಮೀಟರ್‌ಗೆ ಎರಡು ಮಿಲಿಮೀಟರ್ ಜಾಸ್ತಿ. ದುಂಡು, ಅಂಚು ಚೊಕ್ಕ. ಅಕ್ಕನ ಮಗಳು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದಳು. ಎರಡು ನಿಮಿಷಕ್ಕೆ ಸೂರ್ಯ ಗೆರೆ ದಾಟಿ ಹೊರಗೆ ಬಂದ. ಅಜ್ಜಿ ಕುರ್ಚಿಯಿಂದಲೇ, "ಹೋಗಿ ಒಂಚೂರು ತಳ್ಳು ಬಾ" ಅಂದರು. ಅವಳು ಓಡಿಹೋಗಿ ಕುಡಿಕೆಗೆ ಬೆರಳು ತಾಗಿಸಿದಳು. ಸೂರ್ಯ ಮತ್ತೆ ಗೆರೆಯೊಳಗೆ ಬಂದು ಕೂತ.

ಉಳಿದಿರುವ ಕೆಲಸ ಒಂದೇ. ಅವಳ ಶಾಲೆಗೆ ಇನ್ನೊಂದು ಬೇಕಂತೆ. ಸಂತೆಯಿಂದ ಎರಡನೇ ಕುಡಿಕೆ ತಂದಿದ್ದೇನೆ, ಬಾಯಿ ತೇಯ್ದಾಗಿದೆ. ಅಜ್ಜಿ ಇನ್ನೊಂದು ಸೀರೆ ಹುಡುಕುತ್ತಿದ್ದಾರೆ.